ಖಾಲಿ ಬಿಟ್ಟ ತೂಕ

ನಮ್ಮ ಮಕ್ಕಳ ಆಸ್ಪತ್ರೆಯ ಹಿರಿಯ ಸಿಸ್ಟರ್ ಮೊಗ್ರಾಲಿನಿಂದ ಬಸ್ಸಿನಲ್ಲಿ ಬರುತ್ತಿದ್ದರು. ಮಗುವನ್ನು ತೂಗುವ ಮೊದಲು ಬಳೆ, ಕಾಲ್ಗೆಜ್ಜೆಗಳನ್ನು ಕಳಚಿ ತಾಯಿಯ ಕೈಗೆ ಕೊಡುತ್ತಿದ್ದರು. ಮಗು ಕಾಲು ಬಡಿಯುವುದನ್ನು ನಿಲ್ಲಿಸುವವರೆಗೆ ಪೆನ್ನು ಮುಟ್ಟುತ್ತಿರಲಿಲ್ಲ. ನಾನು ಅವಸರಪಟ್ಟರೆ, “ನೋಡಿದ್ದನ್ನು ಮಾತ್ರ ಬರೆ ಮಾರಾಯ್ತಿ” ಎನ್ನುತ್ತಿದ್ದರು.

ತಪಾಸಣೆಗೆ ಅಧಿಕಾರಿಗಳು ಬರುವ ಹಿಂದಿನ ದಿನ ನಾವು ನರ್ಸುಗಳೆಲ್ಲ ಒಟ್ಟಿಗೆ ಕುಳಿತು, ಮಕ್ಕಳ ತೂಕ ಬರೆಯುವ ನಮ್ಮ ನಮ್ಮ ಪುಸ್ತಕಗಳಲ್ಲಿ ಖಾಲಿ ಉಳಿದ ಜಾಗಗಳನ್ನು ಅಂದಾಜಿನಲ್ಲಿ ತುಂಬಿಸುವುದು ರೂಢಿ. ಒಂದೇ ಶಾಯಿ ಕಾಣಬಾರದೆಂದು ನಡುನಡುವೆ ಪೆನ್ನು ಬದಲಿಸಿಕೊಳ್ಳುತ್ತಿದ್ದೆವು. ಆ ಸಲ ತೂಕದ ಯಂತ್ರ ಮೂರು ದಿನ ಕೆಟ್ಟಿತ್ತು. ಸಿಸ್ಟರ್ ಆ ದಿನಗಳ ಜಾಗ ಖಾಲಿ ಬಿಟ್ಟು ಪುಸ್ತಕ ಮುಚ್ಚಿದರು.

“ಎಲ್ಲರೂ ತುಂಬಿಸ್ತಾರಲ್ಲ ಸಿಸ್ಟರ್, ನಿಮಗೆ ಮಾತ್ರ ಎಂತ ಕಷ್ಟ?” ಎಂದೆ.

“ಖಾಲಿ ಇದ್ದರೆ ಡಾಕ್ಟರು ಪುನಃ ತೂಗಿಸಿ ಮದ್ದು ಬರೀತಾರೆ. ನೀನು ತುಂಬಿಸಿದರೆ ಅದನ್ನೇ ನಂಬ್ತಾರೆ.”

ಮರುದಿನ ಅಧಿಕಾರಿ ಸಿಸ್ಟರ್ ಅವರ ಪುಸ್ತಕ ಹಿಡಿದು, ಖಾಲಿ ಬಿಟ್ಟದ್ದಕ್ಕೆ ಕಾರಣ ಕೇಳಿದರು.

“ಯಂತ್ರ ಹಾಳಾಗಿತ್ತು ಸರ್.”

“ಹಾಗಾದರೆ ಉಳಿದವರು ಹೇಗೆ ತೂಗಿದ್ದು?”

“ಪಕ್ಕದ ವಾರ್ಡಿನ ಯಂತ್ರದಲ್ಲಿ” ಎಂದವಳು ನಾನು. ಅಂಥ ಯಂತ್ರವೇ ಇರಲಿಲ್ಲ. ಸಿಸ್ಟರ್ ನನ್ನ ಮುಖ ನೋಡಿದರು. ವರದಿಯಲ್ಲಿ ತಪ್ಪು ಅವರೊಬ್ಬರ ಮೇಲೆಯೇ ಬಿತ್ತು.

ಅಂದಿನಿಂದ ಮಧ್ಯಾಹ್ನ ಅವರು ಕಿಟಕಿಯ ಬಳಿ ಒಬ್ಬರೇ ಬುತ್ತಿ ಬಿಚ್ಚುತ್ತಿದ್ದರು. ಆಸ್ಪತ್ರೆಗೆ ಕೆಟ್ಟ ಹೆಸರು ತಂದವರೆಂದು ಯಾರೂ ಹತ್ತಿರ ಕೂರಲಿಲ್ಲ. ನಾನೂ ಕೂರಲಿಲ್ಲ. ನನ್ನ ಪುಸ್ತಕದ ಕೊನೆಗೆ ಅಧಿಕಾರಿ ‘ಉತ್ತಮ’ ಎಂದು ಬರೆದು ಹೋಗಿದ್ದರು.