ಸೋಡ ಅನ್ನಬೇಕಿತ್ತು, ಓಢ ಅಂದೆ

ದೋಣಿ ಮುಳುಗಲಿಲ್ಲ. ಮುಳುಗಿದ್ದರೆ ನನ್ನ ಬಾಯಿಂದಲೇ ಮುಳುಗುತ್ತಿತ್ತು. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನಗೆ ಎಲ್ಲರ ಧ್ವನಿ ಬರುತ್ತದೆ. ಕಾಗವಾಡ ಬಸ್ಸಿನ ಕಂಡಕ್ಟರು, ಶಿರಗುಪ್ಪಿಯ ಅತ್ತೆಯ ಗೊರಕೆ, ನಪಾಸಾದ ದಿನ ನಾನೇ ಅತ್ತ ಅಳು, ಎಲ್ಲವೂ. ಜನ ಕೇಳಿ ಕೇಳಿ ಮಾಡಿಸುತ್ತಿದ್ದುದು ಮಾತ್ರ ಮಾಮಾನ ಧ್ವನಿ.

ಮಾಮಾ ಕೃಷ್ಣೆಯಲ್ಲಿ ದೋಣಿ ನಡೆಸುತ್ತಾನೆ. ಆಚೆ ದಂಡೆಯ ಹೊಲಗಳಿಗೆ ಹೆಣ್ಣಾಳುಗಳನ್ನು ದಾಟಿಸುತ್ತಾನೆ. ಗಾಳಿ ಇದ್ದರೆ ಇಂಜಿನ್ ಬಂದ್ ಮಾಡಿ, ತಾಡಪತ್ರಿಯಿಂದ ಹೊಲಿದ ಹಾಯಿ ಏರಿಸುತ್ತಾನೆ. ಹಾಯಿಯ ಹಗ್ಗವನ್ನು ಎಂದೂ ಗೂಟಕ್ಕೆ ಕಟ್ಟುವಂತಿಲ್ಲ, ಕೈಯಲ್ಲೇ ಹಿಡಿದಿರಬೇಕು. ದೋಣಿ ಹತ್ತಿದರೆ ಅವನ ಬಾಯಲ್ಲಿ ಮರಾಠಿ. ಗಾಳಿ ಇಳಿದರೆ ‘ಓಢ’, ಎಂದರೆ ಎಳೆ. ಜೋರಾದರೆ ‘ಸೋಡ’, ಎಂದರೆ ಬಿಡು; ಬಿಡದಿದ್ದರೆ ದೋಣಿ ಮಗುಚುತ್ತದೆ.

ಹಗ್ಗ ಹಿಡಿಯುತ್ತಿದ್ದವಳು ನಮ್ಮಕ್ಕ. ಅವಳಿಗೆ ಬೇಕಾಗಿದ್ದುದು ಚುಕ್ಕಾಣಿ. ಮಾಮಾ ಕೊಡುತ್ತಿರಲಿಲ್ಲ. “ಮೊದಲ ಹೇಳಿದ ಮಾತು ಕೇಳೂದ ಕಲಿ,” ಅನ್ನುತ್ತಿದ್ದ.

ಅವತ್ತು ದೋಣಿಯಲ್ಲಿ ಎಂಟು ಹೆಂಗಸರಿದ್ದರು, ಹಿಂದೆ ಮಾಮಾನ ಪಕ್ಕದಲ್ಲಿ ನಾನು. ನಡುಹೊಳೆಯಲ್ಲಿ ಪಡುವಣ ಗಾಳಿ ರಪ್ಪನೆ ಬಡಿಯಿತು. ಹಾಯಿ ಉಬ್ಬಿತು, ದೋಣಿ ವಾಲಿತು, ಅಂಚಿನ ಮೇಲಿಂದ ನೀರು ಇಣುಕಿತು. ಮಾಮಾ ಬಾಯಿ ತೆರೆಯುವುದರೊಳಗೆ ಅವನ ಧ್ವನಿಯಲ್ಲಿ ನಾನೇ ಕೂಗಿದೆ, ನಾಲ್ಕು ಜನ ನಗಲಿ ಎಂದು. ಅವಸರಕ್ಕೆ ಬಾಯಿಗೆ ಬಂದದ್ದು, “ಓಢ, ಓಢ!”

ಅಕ್ಕ ಎಳೆಯಲಿಲ್ಲ. ಹಗ್ಗ ಸಡಿಲ ಬಿಟ್ಟಳು. ಅದು ಅಂಗೈಯಿಂದ ಸರ್ರನೆ ಜಾರಿ, ತುದಿಯ ಗಂಟು ಮಾತ್ರ ಮುಷ್ಟಿಯಲ್ಲಿ ಉಳಿಯಿತು. ಹಾಯಿ ಪಟಪಟ ಬಡಿದುಕೊಂಡಿತು, ದೋಣಿ ನೆಟ್ಟಗಾಯಿತು. “ಗಾಳಿ ಬರೂ ಕಡೆ ಸರೀರಿ, ಯಾರೂ ಎದ್ದ ನಿಂದರಬ್ಯಾಡ್ರಿ,” ಎಂದು ಹೆಂಗಸರಿಗೆ ಹೇಳಿ, ಹಗ್ಗವನ್ನು ಗೇಣು ಗೇಣಾಗಿ ಎಳೆದುಕೊಳ್ಳುತ್ತ ದಂಡೆ ಮುಟ್ಟಿಸಿದಳು. ಈಗಲೂ ಇದನ್ನು ಹೇಳುವಾಗ ನಾನು ಯಾರ ಧ್ವನಿಯನ್ನೂ ತೆಗೆಯುವುದಿಲ್ಲ. “ಆಕಿ ನಮ್ಮಕ್ಕ” ಅನ್ನಲು ನನ್ನದೇ ಸಾಕು.

ಇಳಿಯುತ್ತ ಒಬ್ಬಾಕೆ ಗೊಣಗಿದಳು: “ಮಾಮಾ ಓಢ ಓಢ ಅಂತ ಒದರಿದ್ರೂ ಹುಡುಗಿ ಕೇಳಲಿಲ್ಲ ನೋಡ್ರಿ.”

“ಒದರಿದಾಂವ ನಾ ಅಲ್ಲ, ಈ ಮಂಗ್ಯಾ,” ಎಂದ ಮಾಮಾ. ಅಕ್ಕನ ಕಡೆ ತಿರುಗಿದ. “ಇವನ ದನಿ ಅಂತ ಗೊತ್ತಿತ್ತೇನು?”

“ಇಲ್ಲ. ನಿಂದ ಅಂತ ತಿಳಕೊಂಡಿದ್ನಿ.”

ಸುಳ್ಳೇಕೆ, ಅಷ್ಟರಲ್ಲೂ ನನ್ನ ಕಲೆಗೆ ನಾನೇ ಉಬ್ಬಿದೆ.

“ನನ್ನ ಮಾತ ಅಂತ ತಿಳದೂ ಕೇಳಲಿಲ್ಲ?” ಮಾಮಾನ ಕೈ ಚುಕ್ಕಾಣಿಯ ಮೇಲೇ ಇತ್ತು.

ಅಕ್ಕ ಕೆಂಪಾದ ಅಂಗೈಯನ್ನು ಸೆರಗಿಗೆ ಒರೆಸಿಕೊಂಡು ಅವನ ಮುಂದೆ ಬಂದು ನಿಂತಳು.

“ನಾಳೆ ಖರೇನ ನೀ ಓಢ ಅಂದ್ರೂ ಹಗ್ಗ ಬಿಡಾಕೀನ. ಚುಕ್ಕಾಣಿ ಬಿಟ್ಟ ಸರಿ, ಮುಂದ ಹೋಗಿ ಕುಂದ್ರು ಮಾಮಾ.”