ಬಾಯಿ ಮುಕ್ಕಳಿಸುವ ಮುಂಚೆ ಬರುವ ಗುತ್ಯಮ್ಮ

ತಾಳಗುಂದದ ಆಚೆ, ಗದ್ದೆ ಬಯಲಿನ ನಡುವೆ ಒಂದು ಹುಲ್ಲಿನ ಗುಡಿಸಲು. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಗುಡಿಸಲಿನ ಒಳಗೆ, ಚಾಪೆಯ ಪಕ್ಕದಲ್ಲೇ, ಅಗಲ ಬಾಯಿಯ ಶೀಶೆ ಹಿಡಿದು ಒಬ್ಬ ಹೆಂಗಸು ಕೂತಿದ್ದಾರೆ.

"ಕೆಂಪಣ್ಣಾ, ಗಂಟಲಿಂದ ಬ್ಯಾಡ, ಎದಿಯಿಂದ ಕೆಮ್ಮು. ಅವಸರ ಇಲ್ಲ, ನಾ ಕೂತಿರ್ತೀನಿ."

ಇವರು ಗುತ್ಯಮ್ಮ. ಶಿರಾಳಕೊಪ್ಪದ ಡಾಕ್ಟರ್ ನಾಗರಾಜಪ್ಪನವರ ದವಾಖಾನೆಯಲ್ಲಿ ಆಯಾ. ಚಾಪೆಯ ಮೇಲಿರುವವರು ಕೆಂಪಪ್ಪ, ಸಂತೆಗೆ ಗಾಡಿ ಹೊಡೆಯುತ್ತಿದ್ದವರು, ಬೀಡಿ ಆರಿದ ಗಳಿಗೆ ಕಡಿಮೆ. ಕಫದಲ್ಲಿ ರಕ್ತ ಕಂಡ ದಿನವೇ ಊರು ಇದು ಕ್ಷಯವೆಂದು ತೀರ್ಮಾನ ಕೊಟ್ಟಿತು. ಅಂದಿನಿಂದ ಅವರ ವಾಸ ಇಲ್ಲಿ. ಹೆಂಡತಿ ತುಂಗಮ್ಮ ಗಂಜಿಯನ್ನು ಬದುವಿನ ಮೇಲಿಟ್ಟು, ಕೂಗಿ ಹೇಳಿ, ಹಿಂದೆ ಸರಿಯುತ್ತಾರೆ. ಮನೆಯಲ್ಲಿ ಎಳೆಯ ಮಕ್ಕಳಿದ್ದಾರೆ. ಗುತ್ಯಮ್ಮನ ಬಗ್ಗೆ ಬರೆಯಲು ಜೊತೆಗೆ ಬಂದ ನನಗಂತೂ ಆಕೆಯನ್ನು ದೂರಲು ಬಾಯಿ ಬರುವುದಿಲ್ಲ.

ಗುತ್ಯಮ್ಮ ಇಷ್ಟು ಬೆಳಗ್ಗೆ ಬರುವುದಕ್ಕೆ ಕಾರಣವಿದೆ: ಪರೀಕ್ಷೆಗೆ ಬೇಕಾದದ್ದು ರಾತ್ರಿಯೆಲ್ಲ ಎದೆಯಲ್ಲಿ ಕಟ್ಟಿದ, ಬಾಯಿ ಮುಕ್ಕಳಿಸುವ ಮುಂಚಿನ ಕಫ. ಮೊದಲೆರಡು ಸಲ ಇಲ್ಲಿಂದ ಹೋದ ಶೀಶೆಗಳಲ್ಲಿ ಇದ್ದದ್ದು ಬರೀ ಎಲೆಅಡಿಕೆಯ ಕೆಂಪು. ಮುಖ ತೊಳೆಯದೆ ಉಗುಳಿದ್ದನ್ನು ಡಾಕ್ಟರ ಮುಂದೆ ಇಡುವುದೇ ಎಂದು ತುಂಗಮ್ಮ ಬದುವಿನಿಂದಲೇ ಗದರಿದ್ದರು. ಕೆಂಪಪ್ಪ ಬಾಯಿ ಮುಕ್ಕಳಿಸಿ, ಹಣೆಗೆ ವಿಭೂತಿ ಹಚ್ಚಿ, ಎಲೆಅಡಿಕೆ ಹಾಕಿಕೊಂಡು, ಆಮೇಲೆ ಶೀಶೆ ತುಂಬಿಸಿಕೊಟ್ಟಿದ್ದರು.

"ಹಳ್ಳಿ ಕಡೆ ಎಲ್ಲಾರೂ ಹಿಂಗೇ ರೀ," ಎಂದು ಗುತ್ಯಮ್ಮ ನಗುತ್ತಾರೆ. "ಡಾಕ್ಟ್ರಿಗೆ ಕೊಡೋದು ಅಂದ್ರೆ ಮರ್ಯಾದೆ ಮಾಡ್ತಾರೆ. ಆ ಮರ್ಯಾದೆಯೊಳಗೆ ಕಾಯಿಲೆ ತೊಳೆದು ಹೋಗಿರ್ತೈತೆ."

ದವಾಖಾನೆಯಲ್ಲಿ ನಾಗರಾಜಪ್ಪನವರು ಕಫವನ್ನು ಗಾಜಿನ ಮೇಲೆ ಸವರಿ, ಸೂಕ್ಷ್ಮದರ್ಶಕದಲ್ಲಿ ಕ್ಷಯದ ಕ್ರಿಮಿ ಹುಡುಕುತ್ತಾರೆ. ಎಷ್ಟು ಸಲ ನೋಡಿದರೂ ಕ್ರಿಮಿ ಸಿಗದಿದ್ದರೆ ಅವರ ಅನುಮಾನ ಕ್ಯಾನ್ಸರಿನ ಕಡೆ ತಿರುಗುತ್ತದೆ. ಆಗ ಕಫ ಸ್ಪಿರಿಟ್ಟಿನಲ್ಲಿ ಕೂತು ಬೆಂಗಳೂರಿನ ಪ್ರಯೋಗಾಲಯಕ್ಕೆ ಪ್ರಯಾಣ ಹೊರಡುತ್ತದೆ. ಕೆಂಪಪ್ಪನವರ ಮೂರನೆಯ ಶೀಶೆಯೂ ಹಾಗೇ ಹೊರಟಿತು.

"ಶ್ವಾಸಕೋಶದ ಕ್ಯಾನ್ಸರ್ ಒಂದೇ ರೋಗ ಅಲ್ಲ," ಎಂದು ಡಾಕ್ಟರು ನನಗೆ ವಿವರಿಸುತ್ತಾರೆ. ಒಂದು ಬಗೆಯಲ್ಲಿ ಜೀವಕಣಗಳು ಚಪ್ಪಟೆ, ಹೆಂಚು ಹೊದಿಸಿದ ಹಾಗೆ. ಬೇಗ ಸಿಕ್ಕರೆ ಕೊಯ್ದು ತೆಗೆಯುವ ಆಸೆಯಾದರೂ ಉಂಟು. ಇನ್ನೊಂದು ಗ್ರಂಥಿಗಳ ರೂಪ ತಾಳುತ್ತದೆ, ಬೀಡಿ ಮುಟ್ಟದ ಹೆಂಗಸರಲ್ಲೂ ಕಾಣಿಸುತ್ತದೆ. ಮತ್ತೊಂದರ ಕಣಗಳು ದೊಡ್ಡವು, ಯಾವ ಆಕಾರಕ್ಕೂ ಒಗ್ಗದವು. ಕೊನೆಯದು ಸಣ್ಣ ಕಾಳಿನಂಥದ್ದು. "ಅದು ಗೊತ್ತಾಗೋ ಹೊತ್ತಿಗೆ ಮೈಯೆಲ್ಲಾ ಹರಡಿರುತ್ತೆ. ಕತ್ತಿಗೆ ಕೆಲಸವಿಲ್ಲ." ಆಮೇಲೆ ಅವರೇ ಹೇಳುತ್ತಾರೆ: "ಕ್ಷಯವೇ ಆದರೂ ಮನುಷ್ಯನನ್ನ ಹೀಗೆ ಗದ್ದೆಗೆ ಎಸೀಬೇಕಾಗಿಲ್ಲ. ಹೇಳಿದರೆ ಯಾರು ಕೇಳ್ತಾರೆ?"

ಗುತ್ಯಮ್ಮ ಸೊರಬದ ಕಡೆಯವರು. ಗಂಡ ಯಲ್ಲಪ್ಪ ಕೆಮ್ಮು ಹತ್ತಿದಾಗ ಇಂಥದ್ದೇ ಗುಡಿಸಲಿಗೆ ಹೋದರು, ಇವರೂ ಗಂಟು ಕಟ್ಟಿಕೊಂಡು ಜೊತೆಗೇ ಹೋದರು. ಗಂಡ ತೀರಿಕೊಂಡ ಮೇಲೆ ಊರಿನವರು ಇವರನ್ನು ಬಾವಿಕಟ್ಟೆ ಹತ್ತಲು ಬಿಡಲಿಲ್ಲ.

"ಯಲ್ಲಪ್ಪನವರಿಗೆ ಆಗಿದ್ದಾದರೂ ಏನು?" ಎಂದು ಕೇಳುತ್ತೇನೆ.

"ಯಾರು ನೋಡಿದ್ರು ರೀ? ಆಗ ಈ ಶೀಶೆ ಎಲ್ಲಿತ್ತು?"

ಈಗಲೂ ಬಸ್ಸಿನಲ್ಲಿ ಇವರ ಪಕ್ಕದ ಜಾಗ ಖಾಲಿಯೇ ಹೋಗುತ್ತದೆ. ಹೋಟೆಲಿನವರು ಇವರದೊಂದು ಲೋಟವನ್ನು ಹೊರಗೆ ಗೋಡೆಯ ಗೂಡಿನಲ್ಲಿ ಇಟ್ಟಿದ್ದಾರೆ. "ಕದಿಯೋರ ಭಯ ಇಲ್ಲ ಬಿಡ್ರಿ," ಎನ್ನುತ್ತಾರೆ ಗುತ್ಯಮ್ಮ. ದಿನವಿಡೀ ಅವರೊಡನೆ ಬಾಯಿತುಂಬ ಮಾತಾಡುವವರು ಕಾಯಿಲೆಯವರು ಮಾತ್ರ, ಅವರಲ್ಲೂ ಉಳಿಯುವವರು ಕಡಿಮೆ.

ಬೆಂಗಳೂರಿನಿಂದ ಉತ್ತರ ಬಂದ ದಿನ ನಾನು ದವಾಖಾನೆಯಲ್ಲೇ ಇದ್ದೇನೆ. ಡಾಕ್ಟರು ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಡುತ್ತಾರೆ. "ಸಣ್ಣ ಕಾಳಿನದು, ಗುತ್ಯಮ್ಮ."

ಗುತ್ಯಮ್ಮ ಗೋಡೆಗೆ ಒರಗುತ್ತಾರೆ. ಆಮೇಲೆ ಕೇಳುವುದು ಒಂದೇ ಮಾತು.

"ಇದು ಅಂಟಲ್ಲ, ಅಲ್ಲೇನ್ರೀ?"

"ಇಲ್ಲ. ಅಂಟೋದಿಲ್ಲ."

ಅಷ್ಟು ಕೇಳಿದ್ದೇ ತಡ, ಸೆರಗು ಬಿಗಿದು, ಕೈಯಲ್ಲಿದ್ದ ಖಾಲಿ ಶೀಶೆಯೊಂದಿಗೇ ಹೊರಟೇಬಿಡುತ್ತಾರೆ. ಬಸ್ಸಿಗೂ ಕಾಯುವುದಿಲ್ಲ. ನಾನು ಏದುಸಿರು ಬಿಡುತ್ತಾ ಹಿಂದೆ ಓಡುತ್ತೇನೆ.

ತುಂಗಮ್ಮ ಬದುವಿನ ಮೇಲೆ ಗಂಜಿ ಇಡುತ್ತಿದ್ದಾರೆ. ಗುತ್ಯಮ್ಮ ಎರಡು ಹೆಜ್ಜೆ ದೂರದಲ್ಲೇ ನಿಂತು, ಗುಡಿಸಲಿಗೆ ಕೇಳದ ಹಾಗೆ ದನಿ ತಗ್ಗಿಸಿ ಹೇಳುತ್ತಾರೆ: "ತುಂಗಕ್ಕಾ, ಇದು ಕ್ಷಯ ಅಲ್ಲ. ಕೆಟ್ಟದ್ದೇ ಐತೆ, ಬಾಳ ದಿನ ಇಲ್ಲ ಅಂತಾರೆ ಡಾಕ್ಟ್ರು. ಆದ್ರೆ ಅಂಟಲ್ಲ. ಒಳಗೆ ಹೋಗು."

"ಖರೇ ಹೇಳ್ತೀಯೇನಕ್ಕಾ? ಮಕ್ಕಳ ಮೇಲೆ ಆಣೆ ಹಾಕಿ ಹೇಳು."

"ನಂಗೆ ಮಕ್ಕಳಿಲ್ಲ. ನಿನ್ನ ಮಕ್ಕಳನ್ನೇ ಕರಕೊಂಡು ಹೋಗು, ಏನೂ ಆಗಲ್ಲ."

ತುಂಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಗಂಜಿಯ ಪಾತ್ರೆ ಎತ್ತಿಕೊಂಡು ಒಳಗೆ ಹೋಗುತ್ತಾರೆ. ಆಮೇಲೆ ಕೆಂಪಪ್ಪನವರ ದನಿ: "ದಿನಾ ಉಪ್ಪು ಕಮ್ಮಿ ಹಾಕ್ತೀಯಲ್ಲೇ, ಕೂಗಿ ಕೂಗಿ ಸಾಕಾಯ್ತು." ಅದಕ್ಕೆ ತುಂಗಮ್ಮ ಅಳುತ್ತಲೇ ಏನೋ ಬೈಯುತ್ತಾರೆ.

ಗುತ್ಯಮ್ಮ ಒಳಗೆ ಹೋಗುವುದಿಲ್ಲ. ಇಂದು ಅಲ್ಲಿ ಅವರಿಗೆ ಕೆಲಸವಿಲ್ಲ. ಯಾರೂ ಕರೆಯಲೂ ಇಲ್ಲ. ಖಾಲಿ ಶೀಶೆ ಹಿಡಿದು ರಸ್ತೆಯ ಕಡೆ ತಿರುಗುತ್ತಾರೆ.

ಇಷ್ಟು ದೂರ ಓಡಿ ಬಂದು ನಿಮಗೇನು ಆಗಬೇಕಮ್ಮಾ ಎಂದು ದಾರಿಯಲ್ಲಿ ಕೇಳುತ್ತೇನೆ.

"ನಮ್ಮ ಯಜಮಾನ್ರು ಕಡೇ ತನಕ ಅವ್ವನ್ನ ಕರೆದ್ರು ರೀ. ನಾ ಪಕ್ಕದಾಗೇ ಇದ್ದೆ, ಆದ್ರೂ ಅವ್ವಾ ಅಂತಿದ್ರು. ನಮ್ಮತ್ತೆ ಬದು ದಾಟಿ ಬರ್ಲಿಲ್ಲ, ಅಲ್ಲೇ ನಿಂತು ಅಳ್ತಿದ್ಲು." ಶೀಶೆಯನ್ನು ಸೆರಗಿನಲ್ಲಿ ಒರೆಸುತ್ತಾರೆ. "ಇವತ್ತು ಒಬ್ಬಳು ದಾಟಿದ್ಲು ನೋಡ್ರಿ."