ಮೀಸೆ ಅಣ್ಣನ ಎಡಗಣ್ಣು ಮತ್ತು ಸೀಟಕ್ಕ

ಬೆಳಗಿನ ಐದೂಕಾಲು. ಟ್ಯಾಕ್ಸಿ ಡಿಪೋದಲ್ಲಿ ಸಾಲಾಗಿ ನಿಂತ ಇಪ್ಪತ್ತಾರು ಕಾರುಗಳಲ್ಲಿ ಮೊದಲನೆಯದರ ಬಾಗಿಲು ತೆರೆದು ಆಕೆ ಡ್ರೈವರ್ ಸೀಟಿನಲ್ಲಿ ಕೂರುತ್ತಾರೆ. 'ಸ್ವಾಗತ, ಅತಿಥಿ' ಎನ್ನುತ್ತದೆ ಸ್ಕ್ರೀನು.

"ನೋಡಿದ್ರಾ? ವರ್ಷಗಟ್ಟಲೆಯಿಂದ ದಿನಾ ಬರ್ತೀನಿ, ಇದಕ್ಕೆ ನಾನಿನ್ನೂ ನೆಂಟಳಂತೆ!"

ಡ್ರೈವರುಗಳು ಆಕೆಯನ್ನು ಕರೆಯುವುದು ಸೀಟಕ್ಕ ಎಂದು. ಈ ಕಾರುಗಳು ಓಡಿಸುವವರ ರೂಢಿಯನ್ನು ಕಲಿಯುತ್ತವೆ. ಡ್ರೈವರ್ ತನ್ನ ಕಾರ್ಡ್ ಇಟ್ಟರೆ ಸಾಕು, ಸೀಟು ಕಾಲಿನ ಉದ್ದಕ್ಕೆ ಸರಿಯುತ್ತದೆ, ಕನ್ನಡಿ ತಿರುಗುತ್ತದೆ, ಸ್ಕ್ರೀನಿನ ಅಕ್ಷರ ಬೇಕಾದಷ್ಟು ದಪ್ಪವಾಗುತ್ತದೆ. ಕಾರು ತಪ್ಪು ಕಲಿತರೆ ತಿದ್ದುವುದು ಸೀಟಕ್ಕನ ಕೆಲಸ. ಏಳು ಗಂಟೆಯೊಳಗೆ ಇಪ್ಪತ್ತಾರು ಸೀಟು, ಎಪ್ಪತ್ತೆಂಟು ಕನ್ನಡಿ. ಸೊಂಟದ ಗತಿ? "ಅದೊಂದು ಕೇಳ್ಬೇಡಿ!" ಗಂಡ ತೀರಿಕೊಂಡ ಮೇಲೆ ಕಾರು ಒರೆಸಲು ಬಂದವರು, ಈ ವಿದ್ಯೆಯನ್ನು ಮುಟ್ಟಿ ಮುಟ್ಟಿ ತಾವೇ ಕಲಿತಿದ್ದಾರೆ.

ಕಾರಿಗೆ ಪಾಠ ಹೇಳುವುದೆಂದರೇನು? ನನಗೆ ತಲೆಬುಡ ತಿಳಿಯುವುದಿಲ್ಲ. ಸೀಟಕ್ಕ ಹಿರಿಯ ಡ್ರೈವರ್ ಮೀಸೆ ಅಣ್ಣನ ಕಥೆ ತೆಗೆಯುತ್ತಾರೆ. ಅಣ್ಣನ ಎಡಗಣ್ಣಿನ ರೆಪ್ಪೆ ಹುಟ್ಟಿನಿಂದಲೇ ಅರ್ಧ ಇಳಿದಿದೆ. ಹೊಸ ಕಾರಿನಲ್ಲಿ ಡ್ರೈವರ್ ಮುಖದ ಮೇಲೆ ಕಣ್ಣಿಡುವ ಕ್ಯಾಮೆರಾ ಅದನ್ನು ತೂಕಡಿಕೆ ಎಂದುಕೊಂಡು ಗಂಟೆ ಬಾರಿಸುತ್ತಿತ್ತು. ಗಂಟೆ ಹೊಡೆದ ಮೇಲೂ ಗಾಡಿ ನಿಲ್ಲಿಸದಿದ್ದರೆ ಆಫೀಸಿಗೆ ದೂರು ಹೋಗುತ್ತದೆ. ನಾಲ್ಕು ದೂರು ಸೇರಿದರೆ ಸ್ಟೇರಿಂಗ್ ಕೈತಪ್ಪಿದಂತೆಯೇ, ಕೆಲಸ ಹೋದಂತೆಯೇ. ಅವರ ಹೆಸರಿಗೆ ಆಗಲೇ ಎರಡಾಗಿದ್ದವು.

"ಸರಿಮಾಡೋಣ ಅಂತ ಹೋದೆ. ಅಣ್ಣನ ಕಾರ್ಡ್ ಅಲ್ಲೇ ಇತ್ತು, ತೆಗೀಲಿಲ್ಲ. ನಾನೇ ಕೂತು ಕಣ್ಣರಳಿಸಿ ಕ್ಯಾಮೆರಾ ನೋಡಿದೆ. ಕಾರು ನನ್ನ ಕಣ್ಣನ್ನೇ ಅಣ್ಣನದು ಅಂದ್ಕೊಂಡ್ತು. ಮಾರನೇ ದಿನ ತಿರುವು ತಿರುವಿಗೂ ಗಂಟೆ. ಮೂರನೇ ದೂರು ನನ್ನ ಕೈಯಾರೆ!"

ಹೇಳುವಾಗ ಇವತ್ತಿಗೂ ಆಕೆಯ ಮುಖ ಸಪ್ಪಗಾಗುತ್ತದೆ. ನೇರ ಆಫೀಸಿಗೆ ಹೋಗಿ ತಪ್ಪೊಪ್ಪಿಕೊಂಡು, ಮೂರು ದಿನದ ಗಡುವು ಕೇಳಿದರಂತೆ. ಡಿಪೋದ ಅಂಗಳದಲ್ಲೇ ಅಣ್ಣನ ಪಕ್ಕ ಕೂತು, ಬಿಸಿಲಲ್ಲಿ, ನೆರಳಲ್ಲಿ, ಕನ್ನಡಕ ಹಾಕಿಸಿ, ತೆಗೆಸಿ, ಅದೇ ಎಡಗಣ್ಣನ್ನು ಮತ್ತೆ ಮತ್ತೆ ತೋರಿಸಿದರು. ಪ್ರತಿ ಸಲವೂ ಸ್ಕ್ರೀನಿನಲ್ಲಿ 'ಎಚ್ಚರವಿದ್ದಾರೆ' ಎಂದು ಒತ್ತಿದರು. ಸಂಜೆ ಅಣ್ಣ ದಣಿದು ನಿಜವಾಗಿ ತೂಕಡಿಸಿದಾಗ, ಮುಚ್ಚಿಹೋಗುವ ಬಲಗಣ್ಣು ತೋರಿಸಿ 'ನಿದ್ದೆ' ಎಂದು ಒತ್ತಿದರು. "ಗಂಟೆಯ ಬಾಯನ್ನೇ ಪೂರ್ತಿ ಮುಚ್ಚಿಸಿದ್ರೆ ಅಣ್ಣನ ಜೀವಕ್ಕೇ ಸಂಚಕಾರ ಅಲ್ವಾ?"

ನಾಲ್ಕನೇ ದಿನ ಅಣ್ಣ ರಸ್ತೆಗಿಳಿದರು. ಮಧ್ಯಾಹ್ನದವರೆಗೆ ಕಾರು ತುಟಿಪಿಟಕ್ಕೆನ್ನಲಿಲ್ಲ. ಊಟದ ಮೇಲೆ ಒಮ್ಮೆ ಗಂಟೆ ಹೊಡೆಯಿತು. ಅಣ್ಣ ತಕ್ಷಣ ಬದಿಗೆ ನಿಲ್ಲಿಸಿ, ಮುಖ ತೊಳೆದು ಸೀಟಕ್ಕನಿಗೆ ಫೋನ್ ಮಾಡಿದರು: "ತಾಯೀ, ಈ ಸಲ ಅದು ಹೇಳಿದ್ದು ನಿಜ ಕಣಮ್ಮ. ನಿದ್ದೆ ಬಂದಿತ್ತು!"

ನಾಲ್ಕನೇ ದೂರು ಹೋಗಲೇ ಇಲ್ಲ. ಅಣ್ಣ ಇವತ್ತೂ ಅದೇ ಕಾರು ಓಡಿಸುತ್ತಾರೆ.

ಕೊನೆಯ ಕಾರಿನ ಸ್ಕ್ರೀನೂ ಅತಿಥಿ ಎನ್ನುತ್ತದೆ. ನಿಮ್ಮ ಹೆಸರನ್ನೂ ಕಲಿಸಬಾರದೇ ಎಂದರೆ ಸೀಟಕ್ಕ ಎರಡೂ ಕೈ ಅಲ್ಲಾಡಿಸುತ್ತಾರೆ.

"ಅಯ್ಯೋ, ಬೇಡವೇ ಬೇಡ! ನಾನು ನೆಂಟಳಾಗೇ ಇರ್ತೀನಿ. ಅವತ್ತೊಂದಿನ ಅಣ್ಣನ ಕಾರು ನನ್ನ ಕಣ್ಣಿನ ಗುರುತು ಹಿಡಿದು ಕೂತಿದ್ದೇ ಸಾಕು."